ಕೊಲಂಬೊದಿಂದ ಒಂದೂವರೆ ಗಂಟೆ

ಬಂಡಳ್ಳಿಯ ಯಶೋದಳಿಗೆ ದೂರವೆಂದರೆ ಬಸ್ಸಿನ ಲೆಕ್ಕ. ರೇಷ್ಮೆಗೂಡಿನ ಮೂಟೆ ಹೊತ್ತು ಕೊಳ್ಳೇಗಾಲದ ಮಾರುಕಟ್ಟೆಗೆ ಒಂದು ಬಸ್ಸು, ತವರು ಸತ್ತೇಗಾಲಕ್ಕೆ ಅಲ್ಲಿಂದ ಇನ್ನೊಂದು. ಗಂಡ ಶಿವಶಂಕರ ಕೊಲಂಬೊದ ಹೋಟೆಲಿಗೆ ಅಡುಗೆಯವನಾಗಿ ಹೊರಟಾಗ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ಅವನು ನಕ್ಕಿದ್ದ.

"ನೀನು ಬಸ್ಸಲ್ಲಿ ಮಳವಳ್ಳಿ ಸೇರೋದ್ರೊಳಗೆ ನಾನು ಬೆಂಗ್ಳೂರಲ್ಲಿ ಇಮಾನ ಅತ್ತಿ, ಅಲ್ಲಿಳ್ದು ಈರುಳ್ಳಿ ಎಚ್ತಾ ಇರ್ತೀನಿ ಕಣೆ. ಏಳ್ನೂರು ಕಿಲೋಮೀಟ್ರು, ಒಂದೂವರೆ ಗಂಟೆ!"

ಆ ಮಾತನ್ನೇ ನಂಬಿ ಅವಳು ಹಿಪ್ಪುನೇರಳೆ ಸೊಪ್ಪು ಕೊಯ್ದಳು, ಹುಳು ಸಾಕಿದಳು.

ಭಾನುವಾರ ಹೋಟೆಲಿನ ಮ್ಯಾನೇಜರ್ ತಮಿಳಿನಲ್ಲಿ ಫೋನ್ ಮಾಡಿದ. ಪಾಲಾರ್ ಗಡಿಯಾಚೆ ತಮಿಳುನಾಡಿನಲ್ಲಿ ಲಾರಿ ಓಡಿಸಿ ತಮಿಳು ಕಲಿತಿದ್ದ ಅವಳ ತಮ್ಮ ಮೋಹನ್ ಅದನ್ನು ಕನ್ನಡದಲ್ಲಿ ಹೇಳಿದ: ಒಲೆ ಮುಂದೆ ಕುಸಿದ ಭಾವ ಮತ್ತೆ ಏಳಲಿಲ್ಲ.

ಶಿವಶಂಕರನ ಅಣ್ಣ ದೊಡ್ಡಮಾದಪ್ಪ ಕೇಳಿದ್ದು ಒಂದೇ. "ಎಷ್ಟೊತ್ತಿನ ದಾರಿಲಾ?"

ಮೋಹನ್ ಮೊಬೈಲ್ ತೀಡಿದ. "ಒಂದೂವರೆ ಗಂಟೆ ಕಣಣ್ಣ."

"ಅಂಗಾರೆ ನಾಳೆ ಮಧ್ಯಾನ್ಕೆ ಮಣ್ಣು."

ಬೆಳಿಗ್ಗೆ ಹೊಲದಲ್ಲಿ ಶಿವಶಂಕರನ ಅಪ್ಪನ ಸಮಾಧಿಯ ಪಕ್ಕ ಗುಂಡಿ ತೋಡಿದರು. ನೆಂಟರು ಬಂದರು. ಹೆಣ ಬರಲಿಲ್ಲ.

ಒಂದೂವರೆ ಗಂಟೆಯೆಂಬುದು ಟಿಕೆಟ್ ಹಿಡಿದು ಕೂತವರ ಗಡಿಯಾರ. ಸತ್ತ ಕೂಲಿಯವನಿಗೆ ಶವಪರೀಕ್ಷೆಯ ವರದಿ ಬೇಕು, ಪೊಲೀಸರ ಪತ್ರ ಬೇಕು, ರಾಯಭಾರ ಕಚೇರಿಯ ಮೊಹರು ಬೇಕು. ಕಡೆಗೆ ಸರಕುಪೆಟ್ಟಿಗೆಗಳ ನಡುವೆ ಜಾಗವೂ ಸಿಗಬೇಕು. ಶಿವಶಂಕರನನ್ನು ಕೆಲಸಕ್ಕೆ ಕರೆದೊಯ್ದ ಏಜೆಂಟ್ ಇದರಲ್ಲಿ ಒಂದನ್ನಾದರೂ ಹೇಳಿದ್ದನೇ? ಈಗ ಅವನ ಫೋನ್ ಸ್ವಿಚ್ ಆಫ್.

ಹೊತ್ತು ಇಳಿಯಿತು. ತೋಡಿದ ಗುಂಡಿ ಬರಿದಾಗಿದ್ದರೆ ಮನೆಯ ಇನ್ನೊಂದು ಜೀವ ಕೇಳುತ್ತದೆಂಬುದು ಅಲ್ಲಿಯವರ ಭಯ. ದೊಡ್ಡಮಾದಪ್ಪ ಬಾಳೆದಿಂಡು ತರಿಸಿದರು. ಅದನ್ನೇ ತಮ್ಮನೆಂದುಕೊಂಡು ಮಣ್ಣು ಮುಚ್ಚುವುದು, ಕಾರ್ಯ ಮುಗಿಸುವುದು. ಅಷ್ಟರಲ್ಲಿ ಮತ್ತೆ ಮ್ಯಾನೇಜರನ ಫೋನ್: ನೀವು ಒಪ್ಪಿದರೆ ಇಲ್ಲೇ ಸುಟ್ಟುಬಿಡುತ್ತೇವೆ.

"ಊಂ ಅಂದ್ಬುಡ್ಲಾ ಮೋಹನ," ಎಂದರು ದೊಡ್ಡಮಾದಪ್ಪ.

"ಸುಡೋದಾ ಭಾವ?" ಯಶೋದ ಮುಂದೆ ಬಂದಳು. "ನಮ್ಮಲ್ಲಿ ಯಾರ್ನ ಸುಟ್ಟಿದ್ದೀವಿ?"

"ಇನ್ನೇನ್ ಮಾಡನವ್ವ? ಮನೇಲಿ ಇನ್ನೊಂದು ಎಣ ಬೀಳ್ಬೇಕಾ?"

ಅವಳು ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿದೇಬಿಟ್ಟಳು. ಹೆಂಗಸರು ಚೀರಿದರು.

"ಬರ್ದಾಗಿರ್ಬಾರ್ದು, ಅಷ್ಟೇ ತಾನೆ? ನಾನಿವ್ನಿ. ಈಗ ಮುಚ್ಚಿ, ನೋಡನ."

ಗುದ್ದಲಿ ಹಿಡಿದವರು ಹಿಂದೆ ಸರಿದರು.

"ಅಕ್ಕ, ಲೈನಲ್ಲವ್ರೆ. ಏನ್ ಯೋಳ್ಲಿ?"

"ಸುಡಬ್ಯಾಡಿ ಅನ್ನು. ಕಾಯ್ತೀವಿ ಅನ್ನು."

ಮೋಹನ್ ತಮಿಳಿನಲ್ಲಿ ಬೇಡಿಕೊಂಡ, ಕೇಳಿಸಿಕೊಂಡ. "ಎಷ್ಟು ದಿನ ಆಯ್ತದೋ ಗೊತ್ತಿಲ್ವಂತೆ. ಅಲ್ಲಿಗಂಟ ಇಲ್ಲೇ ಕುಂತಿರ್ತೀಯಾ?"

ಯಶೋದ ಮಣ್ಣಿಗೆ ಬೆನ್ನು ಕೊಟ್ಟು ಕೂತಳು. ದೊಡ್ಡಮಾದಪ್ಪ ಬಾಳೆದಿಂಡನ್ನು ಬದುವಿನಾಚೆ ಎಸೆದು ಗುಂಡಿಯ ಅಂಚಿಗೆ ಕುಕ್ಕರಿಸಿದರು.

"ಯಾರಾರ ಒಂದು ಕಂಬ್ಳಿ ತಕಂಡ್ ಬನ್ರಲಾ."