ಅರಿಶಿನ ಬಳಿದ ಮುಖದ ಫೋಟೊ

ಎಪ್ಪತ್ತರ ದಶಕದಲ್ಲಿ ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇತ್ತು. ರೋಲು ಸಲೀಸಾಗಿ ಸಿಗದ ಕಾಲ. ಸಿನಿಮಾದವರು ಬಳಸಿ ಉಳಿಸಿದ ಫಿಲ್ಮಿನ ತುಂಡುಗಳನ್ನು ಮುಂಬೈಯಿಂದ ತರಿಸಿ, ಕತ್ತಲೆಕೋಣೆಯಲ್ಲಿ ಮೊಳ ಹಾಕಿ ಕತ್ತರಿಸಿ, ಹಳೆಯ ರೋಲಿನ ಡಬ್ಬಿಗಳಿಗೆ ಸುತ್ತಿಕೊಳ್ಳುತ್ತಿದ್ದೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ.

ಒಮ್ಮೆ ಬಂದ ಫಿಲ್ಮು ಶೂಟಿಂಗಿನದಾಗಿರಲಿಲ್ಲ. ಟಾಕೀಸಿನಲ್ಲಿ ಓಡಿಸುವ ಪ್ರತಿಗಳನ್ನು ತೆಗೆಯಲು ಬಳಸುವಂಥದು. ಅದನ್ನು ಕೆಂಪು ದೀಪದ ಬೆಳಕಿನಲ್ಲೇ ಸುತ್ತಬಹುದಿತ್ತು. ಕುರುಡನಂತೆ ತಡಕಾಡುವುದು ತಪ್ಪಿತಲ್ಲ ಎಂದು ಹಿಗ್ಗಿದೆ. ಗೋಡೆ, ಗಿಡ, ಎತ್ತು ತೆಗೆದು ನೋಡಿದೆ, ಚೊಕ್ಕಟವಾಗಿ ಬಂದವು. ಕೆಂಪು ಕಾಣದ ಫಿಲ್ಮಿಗೆ ಹಳದಿಯೂ ಕಾಣುವುದಿಲ್ಲ, ಎರಡೂ ಕಪ್ಪಾಗಿ ಬೀಳುತ್ತವೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅದೇ ವಾರ ಹತ್ತಿರದ ಮಸೂತಿ ಊರಿನ ರೈತನೊಬ್ಬ ಹೇಳಿಕಳಿಸಿದ. ಅವನ ಹೆಂಡತಿ ಜ್ವರ ಬಂದು ತೀರಿಕೊಂಡಿದ್ದಳು. ಬದುಕಿದ್ದಾಗ ಒಂದೂ ಫೋಟೊ ತೆಗೆಸಿಕೊಂಡವಳಲ್ಲ. ಮುತ್ತೈದೆ ಸಾವು, ಮುಖಕ್ಕೆ ದಪ್ಪಗೆ ಅರಿಶಿನ ಬಳಿದು, ಹಸಿರು ಸೀರೆ ಉಡಿಸಿ, ಬಿಸಿಲಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ದೂರದ ಇಂಡಿಗೆ ಮದುವೆ ಮಾಡಿಕೊಟ್ಟ ಮಗಳು ಮಣ್ಣು ಮಾಡುವ ಹೊತ್ತಿಗೆ ಬಂದು ಮುಟ್ಟುವ ಹಾಗಿರಲಿಲ್ಲ.

"ಮಗಳಿಗೆ ಮುಖಾ ತೋರ್ಸಾಕರ ಒಂದು ಫೋಟೊ ಇರ್ಲಿರಿ," ಎಂದ ರೈತ. ಆ ಹೊಸ ಫಿಲ್ಮಿನಲ್ಲೇ ತೆಗೆದುಕೊಂಡು ಬಂದೆ.

ಪ್ರಿಂಟಿನಲ್ಲಿ ಮುಖ ರೊಟ್ಟಿ ಹಂಚಿನ ತಳದ ಹಾಗೆ ಕಪ್ಪಾಗಿತ್ತು. ಕಣ್ಣು, ಮೂಗು, ಯಾವುದರ ಗುರುತೂ ಇಲ್ಲ. ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ತಂದೆ, ಮಗಳು ಅಂಗಡಿಯ ಮೆಟ್ಟಿಲು ಹತ್ತಿದರು. ಮಗಳು ಫೋಟೊ ನೋಡಿ ತಂದೆಯ ಕಡೆ ತಿರುಗಿದಳು.

"ಅವ್ವ ಸುಟ್ಕೊಂಡು ಸತ್ತಾಳ. ಜ್ವರಾ ಅಂತ ನನಗ ಸುಳ್ಳು ಹೇಳೀದಿ, ಅಪ್ಪಾ."

"ನಿಮ್ಮವ್ವನ ಆಣಿ, ಜ್ವರಾನ ಇತ್ತು ಯವ್ವಾ," ಎಂದ ಅವನು, ನನ್ನ ಕಡೆ ನೋಡುತ್ತ. "ನೀವರ ಹೇಳ್ರಿ."

"ಸುಟ್ಟಿರಲಿಲ್ಲ ತಂಗಿ. ಅರಿಶಿಣ ಕರ್ರಗ ಬಿದ್ದೈತಿ. ನನ್ನ ಫಿಲ್ಮಿಂದು ತಪ್ಪು."

"ಅರಿಶಿಣ ಎಲ್ಲೆರ ಕರ್ರಗ ಬೀಳತೈತೇನ್ರಿ? ನೀವೂ ನಮ್ಮಪ್ಪನ ಕಡೀನ."

ನನಗೆ ಸಿಟ್ಟು ಬಂತು. ತಪ್ಪು ನನ್ನದೇ ಆಗಿದ್ದರಿಂದ ಇನ್ನೂ ಹೆಚ್ಚಾಗಿ ಬಂತು. ಅಂಗಡಿಯ ಹಿಂದಿನ ನಮ್ಮ ಮನೆಯೊಳಗಿಂದ ಅರಿಶಿನ ತಂದು, ಕಲಸಿ, ಅರ್ಧ ಮುಖಕ್ಕೆ ಮೆತ್ತಿಕೊಂಡು ಹಿತ್ತಲ ಬಿಸಿಲಲ್ಲಿ ಕುಳಿತೆ. ಅದೇ ಫಿಲ್ಮು, ಅದೇ ಕ್ಯಾಮೆರಾ. ಸ್ಟ್ಯಾಂಡಿಗೆ ಹಾಕಿ ಬಟನ್ ಎಲ್ಲಿ ಒತ್ತಬೇಕೆಂದು ತಂದೆಗೆ ತೋರಿಸಿದೆ. ಅವನು ಒತ್ತಿದ. ಫಿಲ್ಮು ತೊಳೆದು ಒಣಗುವವರೆಗೆ ತಂದೆ ಮಗಳು ಅಂಗಡಿಯ ಬೆಂಚಿನ ಎರಡು ತುದಿಗೆ ಕುಳಿತಿದ್ದರು.

ಪ್ರಿಂಟಿನಲ್ಲಿ ಅರ್ಧ ನಾನಿದ್ದೆ, ಅರ್ಧ ಮಸಿ. ಅವಳು ಅದನ್ನು ನೋಡಿದಳು, ಇನ್ನೂ ಹಳದಿ ಹತ್ತಿಕೊಂಡಿದ್ದ ನನ್ನ ಕೆನ್ನೆಯನ್ನು ನೋಡಿದಳು. ಆಮೇಲೆ ಎದ್ದು ಹೋಗಿ ತಂದೆಯ ಕೈ ಹಿಡಿದು ಅತ್ತಳು. ಸದ್ಯ, ಒಂದು ಮನೆ ಒಡೆಯುವುದು ತಪ್ಪಿತು ಎಂದು ನಾನು ಉಸಿರು ಬಿಟ್ಟೆ.

ಕಣ್ಣೊರೆಸಿಕೊಂಡು ಬಂದವಳು ತಾಯಿಯ ಫೋಟೊವನ್ನು ಮತ್ತೆ ನನ್ನ ಮುಂದಿಟ್ಟಳು.

"ಹಂಗಾದ್ರ ಈ ಅರಿಶಿಣ ತೊಳದು ಕೊಡ್ರಿ. ಬುಡಕ ಅವ್ವ ಇರ್ತಾಳಲ್ಲ."

ಆ ಕಪ್ಪಿನ ಬುಡಕ್ಕೆ ಯಾರೂ ಇಲ್ಲ ಎಂದು ಅವಳಿಗೆ ನಾನೇ ಹೇಳಬೇಕಾಯಿತು.