ಹಗುರಾದ ಬೀರು

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ನನ್ನ ಕೆಲಸ ಕಾಗದದ ತೂಕ ನೋಡುವುದಾಗಿತ್ತು. ಹಾಳೆ ಎಷ್ಟೇ ದೊಡ್ಡದಿರಲಿ, ತೂಕ ಹೇಳುವುದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದೇ. ಅಳತೆ ಯಾವುದರದ್ದು ಎಂದು ನೋಡದೆ ಅಂಕಿ ನಂಬಬೇಡಿ ಎಂದು ಹೊಸಬರಿಗೆ ಗದರುತ್ತಿದ್ದವನು ನಾನೇ.

ನಾನು ನಿವೃತ್ತನಾದ ವರ್ಷ ಅಣ್ಣನ ಲಿವರ್ ಕೆಟ್ಟಿದೆ ಎಂದು ಗೊತ್ತಾಯಿತು. ಬೊಜ್ಜು ಇಳಿಸಿ, ಕುಡಿತ ಪೂರ್ತಿ ಬಿಡಿ ಎಂದರು ಡಾಕ್ಟರು. ಅಣ್ಣ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಉರುಳಿಸಿ ನನ್ನನ್ನು ಓದಿಸಿದವನು. ಸಂಜೆಗೊಂದು ಬೀರು, ಅದೊಂದೇ ಅವನ ಚಟ. ಮನೆಗೆ ಬರುವಾಗ ಆಟೋದಲ್ಲಿ ಕೇಳಿದ, "ಬೀರಿನಾಗ ಹಗುರಾದ್ದು ಯಾವ್ದರ ಐತೇನೋ? ನೀ ಕಲ್ತಾಂವ, ನೋಡಿ ಹೇಳು."

ಅಣ್ಣನಿಗೆ ಎದುರಾಡಿ ನನಗೆ ರೂಢಿಯಿಲ್ಲ. ಮೂರು ಬಗೆಯ ಬೀರು ತಂದು ಅಡುಗೆಮನೆಯ ಕಟ್ಟೆಯ ಮೇಲೆ ನಿಲ್ಲಿಸಿ, ಕನ್ನಡಕ ಏರಿಸಿ ಬಾಟಲಿಗಳ ಮೇಲಿನ ಚೀಟಿ ಓದಿದೆ. ಸ್ಟ್ರಾಂಗಿನಲ್ಲಿ ಕ್ಯಾಲೊರಿ ಹೆಚ್ಚು, ಮೈಲ್ಡಿನಲ್ಲಿ ಕಡಿಮೆ, ಲೈಟ್ ಎಂಬುದರಲ್ಲಿ ಎಲ್ಲಕ್ಕಿಂತ ಕಡಿಮೆ.

"ಇದರಾಗ ಅರ್ಧ ಚಪಾತಿಯಷ್ಟೂ ಇಲ್ಲ ಅಣ್ಣಾ," ಎಂದೆ. ವೈನಿ, ಅಂದರೆ ಅವನ ಹೆಂಡತಿ, ಎದ್ದು ಹೊರಗೆ ಹೋದರು.

ನನ್ನ ಮಾತು ಅವನಿಗೆ ವೇದವಾಕ್ಯ. ಹಗುರವೆಂದ ಮೇಲೆ ಒಂದು ಬಾಟಲಿ ಎರಡಾಯಿತು. ಆರು ತಿಂಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದ. ಏನು ಕುಡಿಯುತ್ತಿದ್ದ ಎಂದು ತೋರಿಸಲು ವೈನಿ ಖಾಲಿ ಬಾಟಲಿ ತಂದಿದ್ದರು. ನಾನು ಕ್ಯಾಲೊರಿಯ ಮಾತೆತ್ತಿದೆ. ಡಾಕ್ಟರು ಬಾಟಲಿಯ ಚೀಟಿಯ ಮೇಲೆ ಬೆರಳಿಟ್ಟರು.

"ಇದು ನೂರು ಎಂ.ಎಲ್.ಗೆ ರೀ. ಬಾಟ್ಲಿ ಆರುನೂರಾ ಐವತ್ತರದ್ದು. ಅಲ್ಲದ ನಾ ಹೇಳಿದ್ದು ಪೂರ್ತಿ ಬಿಡ್ರಿ ಅಂತ."

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನ್ನಂಥವರಿಗಾಗಿಯೇ ಇರಬೇಕು. ನಾಚಿಕೆಯಿಂದ ಕುಗ್ಗಿಹೋದೆ. ಅಣ್ಣನ ಮಂಚದ ಬಳಿ ಕೂತು, "ನಾ ತಪ್ಪು ಓದಿದೆ ಅಣ್ಣಾ," ಎಂದು ಅತ್ತೆ.

ಅವನು ನನ್ನ ಕೈ ಹುಡುಕಿ ಹಿಡಿದುಕೊಂಡ.

"ಓದೂದು ಬಿಡೋ. ನೀ ಬ್ಯಾಡ ಅಂತಿ ಅಂತನ ನಾ ಅವತ್ತು ಕೇಳಿದ್ದೆ. ಅಂದಿದ್ರ ಬಿಡ್ತಿದ್ದೆ."

ಹದಿನೈದು ದಿನಕ್ಕೆ ಅಣ್ಣ ಹೋದ. ನಾನು ತಂದಿದ್ದ ಸ್ಟ್ರಾಂಗ್ ಮತ್ತು ಮೈಲ್ಡ್, ಮುಚ್ಚಳ ತೆರೆಯದೆ, ಇನ್ನೂ ನಮ್ಮ ಅಟ್ಟದ ಮೇಲಿವೆ. ಎಸೆಯಲು ಕೈ ಬಂದಿಲ್ಲ.