ಶ್ರುತಿಯಕ್ಕ ಮತ್ತು ಕಿರುಗುಟ್ಟುವ ಪೆಡಲ್

ಬೀದಿಗೆ ಹಾಲಿನ ಗಾಡಿ ಬರುವ ಮುಂಚೆಯೇ ಶ್ರುತಿಯಕ್ಕ ಸ್ಟುಡಿಯೋದ ಬಾಗಿಲು ತೆರೆದು ಪಿಯಾನೋದ ಮುಂದಿನ ಹಲಗೆ ಬಿಚ್ಚಿಡುತ್ತಾರೆ. ಒಂದು ಸ್ವರ ಒತ್ತುತ್ತಾರೆ, ತಲೆ ವಾಲಿಸಿ ಕೇಳುತ್ತಾರೆ, ತಂತಿಯನ್ನು ಕೂದಲೆಳೆಯಷ್ಟು ಬಿಗಿ ಮಾಡುತ್ತಾರೆ. ಮತ್ತೆ ಅದೇ ಸ್ವರ. ನನಗಂತೂ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ಹಾಗೆಂದು ಹೇಳಿದರೆ ನಗುತ್ತಾರೆ. "ಪರವಾಗಿಲ್ಲ ಬಿಡಿ. ನಮ್ಮನೆಯವರಿಗೂ ಇಷ್ಟು ವರ್ಷದಲ್ಲಿ ತಿಳಿದಿಲ್ಲ."

ಅವರಿಗೆ ಬೇರೆ ಹೆಸರಿದೆ. ಪಿಯಾನೋ ಇರುವ ಮನೆಗಳಲ್ಲಿ ಯಾರೂ ಅದನ್ನು ಬಳಸುವುದಿಲ್ಲ. ಪಿಯಾನೋಗೆ ಶ್ರುತಿ ಕೂಡಿಸುವ ಕಸುಬು ಅಪ್ಪನಿಂದ ಬಂದದ್ದು. ಹೆಣ್ಣುಮಗಳು ಇಕ್ಕಳ ಹಿಡಿದು ಬಂದರೆ ಮೊದಮೊದಲು ಜನ ಮೂಗು ಮುರಿದರಂತೆ. ದಿನಕ್ಕೆ ಎರಡು ಪಿಯಾನೋ, ಹೆಚ್ಚೆಂದರೆ ಮೂರು. ಅದಕ್ಕಿಂತ ಜಾಸ್ತಿಯಾದರೆ ಕಿವಿ ಮುಷ್ಕರ ಹೂಡುತ್ತದೆ.

ಈ ಸ್ಟುಡಿಯೋದ ಸಂಗೀತಗಾರ ಬೇರೆಯೇ ಥರದ ಗಿರಾಕಿ. ತಂತಿಗೂ ಅದನ್ನು ಬಡಿಯುವ ಪುಟ್ಟ ಸುತ್ತಿಗೆಗೂ ನಡುವೆ ಉಣ್ಣೆಬಟ್ಟೆ ಇಳಿಬಿಟ್ಟು ಪಿಸುಮಾತಿನಷ್ಟು ಮೆಲ್ಲಗೆ ನುಡಿಸುತ್ತಾನೆ. ಆ ನಾದವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಸಿಂಥಸೈಜರಿನ ಗುಂಯ್ ಎನ್ನುವ ದನಿಯೊಂದಿಗೆ ಬೆರೆಸುತ್ತಾನೆ. ಪಿಯಾನೋ ಎಲ್ಲಿ ಮುಗಿಯಿತು, ಯಂತ್ರ ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗುವುದಿಲ್ಲ. "ಮೊದಲು ಕೇಳಿದಾಗ ಫ್ರಿಜ್ ಕೆಟ್ಟಿದೆ ಅಂದ್ಕೊಂಡೆ," ಎನ್ನುತ್ತಾರೆ ಅಕ್ಕ. "ಈಗ ಅಡುಗೆ ಮಾಡುವಾಗಲೂ ಅದನ್ನೇ ಹಾಕ್ಕೊಳ್ತೀನಿ."

ಕಳೆದ ವರ್ಷ ಒಂದು ಎಡವಟ್ಟಾಯಿತು. ಈ ಪಿಯಾನೋದ ಪೆಡಲ್ ಒತ್ತಿದಾಗಲೆಲ್ಲ ಕಿರ್ ಎನ್ನುತ್ತಿತ್ತು. ಯಾರೂ ಹೇಳದಿದ್ದರೂ ಅಕ್ಕ ಒಳಗಿನ ಸವೆದ ಚರ್ಮದ ತುಂಡು ತೆಗೆದು ಹೊಸದು ಕೂರಿಸಿದರು. ಪೆಡಲ್ ತೆಪ್ಪಗಾಯಿತು. ಮಧ್ಯಾಹ್ನ ಸಂಗೀತಗಾರನ ಫೋನು: "ಅಕ್ಕಾ, ಆ ಕಿರ್ ಅನ್ನೋದು ಎಲ್ಲಿ ಹೋಯ್ತು?"

ಆ ಸದ್ದನ್ನೇ ಹಿಗ್ಗಿಸಿ ಅವನು ಇಡೀ ರಚನೆಗೆ ಉಸಿರಾಟ ಮಾಡಿಕೊಂಡಿದ್ದ. ಧ್ವನಿಮುದ್ರಣ ಅರ್ಧ ಮುಗಿದಿತ್ತು. ಹಳೆಯ ಮುದ್ರಣದ ಕಿರ್ ಸದ್ದನ್ನು ನಕಲು ಮಾಡಿ ಅಂಟಿಸಿ ನೋಡಿದರೆ, ಕಾಲಿನ ಒತ್ತಡಕ್ಕೆ ತಕ್ಕಂತೆ ಏರಿಳಿಯದೆ ಸಪ್ಪೆಯಾಗಿತ್ತು. "ಉಪಕಾರ ಮಾಡೋಕೆ ಹೋಗಿ ಹುಡುಗನ ಸಂಗೀತವನ್ನೇ ಕೆಡಿಸಿದೆನಲ್ಲ," ಎನ್ನುವಾಗ ಅಕ್ಕನ ಮುಖ ಈಗಲೂ ಬಾಡುತ್ತದೆ.

ಕಾಪಾಡಿದ್ದು ಅಪ್ಪ ಕಲಿಸಿದ ಒಂದು ಅಭ್ಯಾಸ: ಬಿಚ್ಚಿದ ಭಾಗವನ್ನು ಎಸೆಯಬಾರದು. ಮನೆಯ ಬಿಸ್ಕತ್ತಿನ ಡಬ್ಬಿಗಳ ತುಂಬ ಹಳೇ ತಂತಿ, ತಿರುಪು, ಚರ್ಮದ ಚೂರು. "ಗುಜರಿಯವನೂ ಬೇಡ ಅಂದದ್ದನ್ನ ಇವಳು ಜೋಪಾನ ಮಾಡ್ತಾಳೆ" ಎಂದು ಗೊಣಗುತ್ತಿದ್ದ ಯಜಮಾನರೇ ಅಂದು ಕನ್ನಡಕ ಏರಿಸಿ ನೆಲದ ಮೇಲೆ ಡಬ್ಬಿ ಸುರುವಿಕೊಂಡು ಕೂತರು. ಅದೇ ತುಂಡು ಸಿಕ್ಕಿತು.

ಕೂರಿಸಿದ್ದಾಯಿತು. ಸಂಗೀತಗಾರ ಪೆಡಲ್ ಒತ್ತಿದ. ಸದ್ದಿಲ್ಲ. ಅಕ್ಕ ಮಂಡಿಯೂರಿ ಚರ್ಮವನ್ನು ಮಗುಚಿ ಹಾಕಿದರು. ಕಿರ್. ಆ ಸದ್ದಿಗೆ ಅಳು ಬಂತೆಂದು ಹೇಳಿಕೊಳ್ಳಲು ಅವರಿಗೆ ನಾಚಿಕೆಯಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. "ನನ್ನ ನಂತರ ಬರೋರು ಇದನ್ನ ಸರಿ ಮಾಡದಿದ್ರೆ ಸಾಕು," ಎಂದು ಪೆಡಲಿನ ಮೇಲಿನ ಹಲಗೆ ತೆಗೆದು ತೋರಿಸುತ್ತಾರೆ. ಒಳಗೆ ಸೀಮೆಸುಣ್ಣದಲ್ಲಿ ದುಂಡಗೆ ಬರೆದಿದೆ: ಇದು ಕೆಟ್ಟಿಲ್ಲ.